ಡಿಕ್ರಿಯ ಕೊನೆಯ ಹಾಳೆ

ಓದುಗರ ಪ್ರಶ್ನೆ, ವಕೀಲರ ಉತ್ತರ

ಎರಡು ತಿಂಗಳ ಹಿಂದೆ ಪಾಲು ವಿಭಾಗದ ಒಂದು ಪ್ರಶ್ನೆಗೆ ಉತ್ತರಿಸುವಾಗ, "ತೀರ್ಪಿನ ಕೊನೆಯ ಸಾಲನ್ನು ತಪ್ಪದೆ ಓದಿ, ಖರ್ಚು ಯಾರ ಮೇಲೆ ಎಂಬುದು ಅಲ್ಲಿರುತ್ತದೆ" ಎಂದು ಬರೆದಿದ್ದೆ. ಅದೊಂದೇ ಮಾತಿಗೆ ಪತ್ರಗಳ ಕಟ್ಟೇ ಬಂದಿದೆ. ಹಾಗಾಗಿ ಈ ತಿಂಗಳು ಪೂರ್ತಿ ಕೋರ್ಟು ಖರ್ಚಿನ ವಿಷಯವೇ ಇರಲಿ.

ಈ ವಿಷಯ ನನಗೆ ಹತ್ತಿರದ್ದು. ವಕೀಲಿಗೆ ಬರುವ ಮುಂಚೆ 11 ವರ್ಷ ಸಿವಿಲ್ ಕೋರ್ಟೊಂದರ ಕಚೇರಿಯಲ್ಲಿ ಡಿಕ್ರಿ, ಅಂದರೆ ತೀರ್ಪಿನಂತೆ ಯಾರಿಗೆ ಏನು ಎಂದು ಹೇಳುವ ವಿಧ್ಯುಕ್ತ ಆದೇಶಪತ್ರ, ಬರೆಯುವ ಮೇಜಿನಲ್ಲಿದ್ದೆ. ಡಿಕ್ರಿಯ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಇರುತ್ತದೆ. ಎಡಗಡೆ ವಾದಿಯ ಖರ್ಚು, ಬಲಗಡೆ ಪ್ರತಿವಾದಿಯದು. ದಾವಾಪತ್ರದ ಸ್ಟಾಂಪು, ವಕಾಲತ್ತಿನ ಸ್ಟಾಂಪು, ದಾಖಲೆಗಳ ಸ್ಟಾಂಪು, ವಕೀಲರ ಫೀ, ಸಾಕ್ಷಿ ಭತ್ಯೆ, ಸ್ಥಳ ಪರಿಶೀಲನೆಗೆ ಕೋರ್ಟು ನೇಮಿಸಿದ ಕಮಿಷನರ್ ಫೀ, ಸಮನ್ಸು ನೋಟೀಸು ತಲುಪಿಸುವ ಪ್ರೊಸೆಸ್ ಜಾರಿ. ಕಡತ ತಿರುವಿ ಒಂದೊಂದಾಗಿ ಲೆಕ್ಕ ತೆಗೆದು ತುಂಬುವುದು ನನ್ನ ಕೆಲಸವಾಗಿತ್ತು. ನಕಲು ಇಸಿದುಕೊಳ್ಳಲು ಬಂದವರಲ್ಲಿ ಆ ಹಾಳೆಯನ್ನು ಬಿಡಿಸಿ ನೋಡಿದವರು ಬೆರಳೆಣಿಕೆ.

ಅದೇ ಕಾಲದಲ್ಲಿ ಬೇರೆ ಊರಿನ ಕೋರ್ಟಿನಲ್ಲಿ ನಮ್ಮ ತಂದೆಯ ಕೇಸು ಮುಗಿಯಿತು. ಗದ್ದೆಗೆ ನೀರು ಬರುವ ಕಾಲುವೆಯ ತಕರಾರು, 12 ವರ್ಷ ನಡೆದದ್ದು. ಅಪ್ಪ ಬಸ್ಸಿನ ಟಿಕೆಟಿನಿಂದ ಹಿಡಿದು ಸ್ಟಾಂಪಿನ ರಸೀದಿಯವರೆಗೆ ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ಗೆದ್ದರು. ತೀರ್ಪಿನ ಕೊನೆಯಲ್ಲಿ ಮಾತ್ರ ಖರ್ಚು ಅವರವರೇ ಭರಿಸಿಕೊಳ್ಳತಕ್ಕದ್ದು ಎಂದಿತ್ತು, ಕಾರಣ ಒಂದಕ್ಷರವೂ ಇರಲಿಲ್ಲ. "ಹಾಗಾದ್ರೆ ನಾನು ಗೆದ್ದದ್ದು ಹೌದೋ ಅಲ್ವೋ?" ಎಂದು ಅಪ್ಪ ನನ್ನನ್ನು ಕೇಳಿದರು. ನಾನು ರಜೆ ಹಾಕಿ ಊರಿಗೆ ಹೋಗಿ ಆ ಕಾಗದ ನೋಡುವ ಹೊತ್ತಿಗೆ ಅಪೀಲಿನ ವಾಯಿದೆ ದಾಟಿ ಹೋಗಿತ್ತು. ಈಗ ನಿಮ್ಮ ಪತ್ರಗಳಿಗೆ ಬರುತ್ತೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಮ್ಮ ಅಡಿಕೆ ತೋಟದ ಗಾಡಿದಾರಿಗೆ ಪಕ್ಕದವರು ಬೇಲಿ ಹಾಕಿದ್ದಕ್ಕೆ ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹೂಡಿದ್ದೆ. ಒಂಬತ್ತು ವರ್ಷ ನಡೆದು ಎರಡು ವಾರದ ಹಿಂದೆ ನನ್ನ ಕಡೆಗೆ ತೀರ್ಪಾಯಿತು. ಆದರೆ "ಉಭಯ ಪಕ್ಷಗಾರರು ತಂತಮ್ಮ ಖರ್ಚು ತಾವೇ ಭರಿಸತಕ್ಕದ್ದು" ಎಂದು ಬರೆದಿದ್ದಾರೆ. ಸರ್ವೆ ಕಮಿಷನರಿಗೇ ₹8,000 ಕಟ್ಟಿದ್ದೇನೆ. ವಕೀಲರ ಫೀ, ಓಡಾಟ ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿದೆ. ಬರೀ ಖರ್ಚಿನ ಬಗ್ಗೆ ಅಪೀಲು ಹಾಕಲು ಬರುತ್ತದೆಯೇ? ನಮ್ಮ ವಕೀಲರು "ಗೆದ್ದಿದ್ದೀರಲ್ಲ ಮೇಷ್ಟ್ರೇ, ಬಿಟ್ಟುಬಿಡಿ" ಅನ್ನುತ್ತಾರೆ.
(ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಬರುತ್ತದೆ ಮೇಷ್ಟ್ರೇ. ಖರ್ಚಿನ ಆದೇಶ ಡಿಕ್ರಿಯ ಒಂದು ಭಾಗ. ಡಿಕ್ರಿಯ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನಂತೆ ಅಪೀಲು ಇದೆ. ಆದರೆ ಬರೀ ಖರ್ಚಿಗಾಗಿ ಬರುವ ಅಪೀಲನ್ನು ಮೇಲಿನ ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ. ಖರ್ಚು ಕೊಡಿಸುವುದು ಬಿಡುವುದು ಕೆಳಗಿನ ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು, ಮೊತ್ತ ಕಡಿಮೆಯಾಯಿತು ಎಂಬಷ್ಟಕ್ಕೇ ಅದರಲ್ಲಿ ಕೈ ಹಾಕಬಾರದು ಎಂಬುದು ಬಹಳ ಹಳೆಯ ರೂಢಿ. ತತ್ವದ ಪ್ರಶ್ನೆ ಇರಬೇಕು, ಇಲ್ಲವೇ ಸಂಗತಿಯನ್ನೋ ಕಾನೂನನ್ನೋ ತಪ್ಪಾಗಿ ತಿಳಿದು ಆದೇಶ ಮಾಡಿರಬೇಕು, ಇಲ್ಲವೇ ವಿವೇಚನೆಯನ್ನು ಬಳಸಿಯೇ ಇರಬಾರದು. ಆಗ ಕೈ ಹಾಕುತ್ತಾರೆ.

ನಿಮ್ಮ ತೀರ್ಪು ಈ ಕೊನೆಯ ಬಗೆಯದಿರಬಹುದು ಎಂದು ನನಗೆ ಕಾಣುತ್ತದೆ. 35ನೇ ಕಲಮಿನ ಎರಡನೇ ಉಪಕಲಮನ್ನು ನಿಮ್ಮ ವಕೀಲರ ಮುಂದೆ ಇಟ್ಟು ಓದಿಸಿ. ಗೆದ್ದವರಿಗೆ ಸೋತವರು ಖರ್ಚು ಕೊಡುವುದು ಸಹಜ ಕ್ರಮ. ಆ ಕ್ರಮ ಬೇಡ ಎಂದು ಕೋರ್ಟು ತೀರ್ಮಾನಿಸಿದರೆ ಏಕೆ ಬೇಡ ಎಂಬುದನ್ನು ಬರವಣಿಗೆಯಲ್ಲಿ ಹೇಳಲೇಬೇಕು. ಇದು ನ್ಯಾಯಾಧೀಶರ ಇಚ್ಛೆಗೆ ಬಿಟ್ಟ ಮಾತಲ್ಲ. ನಿಮ್ಮ ತೀರ್ಪಿನ ಕೊನೆಯ ಎರಡು ಮೂರು ಪ್ಯಾರಾಗಳನ್ನು ನಿಧಾನಕ್ಕೆ ಓದಿ. ಅಕ್ಕಪಕ್ಕದವರು, ವೈಮನಸ್ಸು ಬೆಳೆಯಬಾರದು ಎಂದೋ, ವಾದಿಯ ಕಡೆಯಿಂದಲೂ ತಡವಾಗಿದೆ ಎಂದೋ ಒಂದು ಮಾತು ಇದ್ದರೆ ಅದು ಕಾರಣವೇ, ಅದನ್ನು ಅಲುಗಾಡಿಸುವುದು ಕಷ್ಟ. ಏನೂ ಇಲ್ಲದೆ ಬರೀ ಆ ಒಂದು ಸಾಲು ಇದ್ದರೆ ನಿಮ್ಮ ಅಪೀಲಿಗೆ ಬಲವಾದ ಆಧಾರ ಸಿಕ್ಕಿತು.

ಇನ್ನು ಕೈಗೆ ಎಷ್ಟು ಬಂದೀತು ಎಂಬ ಪ್ರಶ್ನೆ. ಇಲ್ಲಿ ನಿಮಗೆ ಹುಸಿ ಆಸೆ ತೋರಿಸಲಾರೆ. ಒಂದೂವರೆ ಲಕ್ಷ ಬರುವುದಿಲ್ಲ. ನೀವು ವಕೀಲರಿಗೆ ಕೊಟ್ಟಷ್ಟೂ ಡಿಕ್ರಿಯ ಪಟ್ಟಿಗೆ ಏರುವುದಿಲ್ಲ, ನಿಯಮದಂತೆ ದಾವೆಯ ಮೌಲ್ಯಕ್ಕೆ ಎಷ್ಟು ಫೀ ಆಗುತ್ತದೋ ಅಷ್ಟೇ ಏರುತ್ತದೆ. ದಾರಿಯ ದಾವೆಗಳ ಮೌಲ್ಯವನ್ನು ಕೋರ್ಟ್ ಫೀ ಕಡಿಮೆಯಾಗಲೆಂದು ಸಣ್ಣದಾಗಿ ತೋರಿಸಿರುತ್ತಾರೆ, ಆಗ ಈ ಫೀಯೂ ಸಣ್ಣದೇ ಆಗುತ್ತದೆ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಖರ್ಚು ಎಂದರೆ ನಿಜವಾಗಿ ತಗುಲಿದ ನ್ಯಾಯವಾದ ಖರ್ಚು ಆಗಿರಬೇಕು, ಗೆದ್ದವರು ಕಳೆದ ಸಮಯ, ಓಡಾಟ, ತಂಗಿದ ವೆಚ್ಚ ಎಲ್ಲ ಅದರೊಳಗೆ ಬರಬೇಕು ಎಂದಿತು. ನಾನು ಆ ತೀರ್ಪಿನ ಪ್ರತಿ ತರಿಸಿಕೊಂಡು ಓದಿದ ದಿನ ಅಪ್ಪನ ಡಬ್ಬಿಯನ್ನು ನೆನೆಸಿಕೊಂಡಿದ್ದೆ. ಆದರೆ 2011ರಲ್ಲಿ ಸಂಜೀವ್ ಕುಮಾರ್ ಜೈನ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಬೇರೆ ಮಾತು ಹೇಳಬೇಕಾಯಿತು. ಒಂದು ಮಧ್ಯಂತರ ಆದೇಶದ ಮೇಲಿನ ಅಪೀಲಿಗೆ ದೆಹಲಿ ಹೈಕೋರ್ಟು 45 ಲಕ್ಷ ರೂಪಾಯಿಗೂ ಮೀರಿ ಖರ್ಚು ಹಾಕಿತ್ತು. ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿ, 35ನೇ ಕಲಮಿನಲ್ಲಿ "ನಿಯಮಗಳಿಗೆ ಒಳಪಟ್ಟು" ಎಂಬ ಮಾತು ಇರುವ ತನಕ ಕೋರ್ಟು ನಿಯಮ ಮೀರಿ ಕೊಡಿಸುವಂತಿಲ್ಲ, ನಿಜ ಖರ್ಚು ಕೊಡಿಸಬೇಕಾದರೆ ಮೊದಲು ನಿಯಮ ಬದಲಾಗಬೇಕು ಎಂದು ಹೇಳಿತು.

ಹಾಗೆಂದು ನಿಮ್ಮ ಕೈಗೆ ಏನೂ ಬರುವುದಿಲ್ಲ ಎಂದಲ್ಲ. ಕಮಿಷನರ್ ಫೀ ₹8,000 ಕಟ್ಟಿದ ರಸೀದಿ ಕಡತದಲ್ಲಿದೆ, ಅದು ಪೂರ್ತಿ ಏರುತ್ತದೆ. ಕೋರ್ಟ್ ಫೀ ಏರುತ್ತದೆ. 1976ರ ತಿದ್ದುಪಡಿಯಲ್ಲಿ ಸಂಹಿತೆಗೆ ಸೇರಿದ 20ಎ ಆದೇಶ ಎಂಬುದೊಂದಿದೆ (ಇಲ್ಲಿ ಆದೇಶ ಎಂದರೆ ಸಂಹಿತೆಯ ನಿಯಮಗಳ ಒಂದು ಅಧ್ಯಾಯ), ಅದನ್ನು ಕೇಳುವವರೇ ಕಡಿಮೆ. ದಾವೆಗೆ ಮುಂಚೆ ಕೊಟ್ಟ ನೋಟೀಸಿನ ಖರ್ಚು, ಟೈಪಿಂಗ್ ಖರ್ಚು, ದಾಖಲೆ ಪರಿಶೀಲನೆಗೆ ಕಟ್ಟಿದ ಶುಲ್ಕ, ಸಮನ್ಸು ಇಲ್ಲದೆ ನೀವೇ ಕರೆತಂದ ಸಾಕ್ಷಿಗಳ ಖರ್ಚು, ಇವನ್ನೆಲ್ಲ ಕೊಡಿಸಬಹುದು ಎಂದು ಅದರಲ್ಲಿದೆ. ಗ್ರಾಮ ಲೆಕ್ಕಿಗರನ್ನೋ ಊರ ಹಿರಿಯರನ್ನೋ ನೀವೇ ಬಾಡಿಗೆ ಕಾರಿನಲ್ಲಿ ಕರೆತಂದಿದ್ದರೆ ಅದನ್ನು ಪಟ್ಟಿಗೆ ಸೇರಿಸಿ. ನಿಮ್ಮ ವಕೀಲರು ಫೀ ಸರ್ಟಿಫಿಕೇಟನ್ನೂ (ಫೀ ಪಡೆದಿದ್ದೇನೆ ಎಂಬ ವಕೀಲರ ಪತ್ರ) ಖರ್ಚಿನ ಮೆಮೋವನ್ನೂ (ಖರ್ಚಿನ ಪಟ್ಟಿ) ಕಡತಕ್ಕೆ ಹಾಕಿದ್ದಾರೆಯೇ ಎಂದು ಮೊದಲು ನೋಡಿ. ಸರ್ಟಿಫಿಕೇಟು ಕಾಣದೆ ಎಷ್ಟೋ ಡಿಕ್ರಿಗಳಲ್ಲಿ ವಕೀಲರ ಫೀ ಎಂಬ ಸಾಲಿನ ಮುಂದೆ ನಾನೇ ಗೆರೆ ಎಳೆದು ಬಿಟ್ಟಿದ್ದೇನೆ. ಕಕ್ಷಿದಾರರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಆ ಗೆರೆಗಳು ಈಗಲೂ ನನ್ನ ಕಣ್ಣ ಮುಂದಿವೆ.

ಅಪೀಲಿಗೆ 30 ದಿನ. ಎರಡು ವಾರ ಆಗಲೇ ಕಳೆದಿದೆ, ಇವತ್ತೇ ನಕಲಿನ ಅರ್ಜಿ ಹಾಕಿ. ಖರ್ಚಿನ ಮೇಲೆಯೇ ಅಪೀಲು ಹೋದರೆ ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೇಳುವ ಮೊತ್ತ ಹದಿನೈದು ಇಪ್ಪತ್ತು ಸಾವಿರದ ಒಳಗಿದ್ದರೆ ನಾನು ಇನ್ನೊಂದು ದಾರಿ ಹೇಳುತ್ತೇನೆ. ಸೋತ ಪಕ್ಕದವರು ಸುಮ್ಮನೆ ಕೂರುವುದು ಅಪರೂಪ. ಅವರು ಅಪೀಲು ಹಾಕಿ ನಿಮಗೆ ನೋಟೀಸು ಬಂದರೆ, ನೋಟೀಸು ತಲುಪಿದ ಒಂದು ತಿಂಗಳೊಳಗೆ 41ನೇ ಆದೇಶದ 22ನೇ ನಿಯಮದಂತೆ ನೀವು ಪ್ರತಿ ಆಕ್ಷೇಪಣೆ (ಅವರ ಅಪೀಲಿನೊಳಗೇ ನಿಮ್ಮ ಕಡೆಯ ತಕರಾರು) ಸಲ್ಲಿಸಬಹುದು, ಅದರಲ್ಲಿ ಖರ್ಚನ್ನು ಕೇಳಬಹುದು. ಹೇಗೂ ಆ ಅಪೀಲನ್ನು ಎದುರಿಸಲು ವಕೀಲರನ್ನು ಇಡಲೇಬೇಕು, ಅದೇ ಓಡಾಟದಲ್ಲಿ ಇದೂ ಆಗುತ್ತದೆ. ನಿಮಗೆ ತಿಳಿಯದಂತೆ ಅವರು ತಡೆಯಾಜ್ಞೆ ತರಬಾರದು ಎಂದಾದರೆ ಮೇಲಿನ ಕೋರ್ಟಿನಲ್ಲಿ ಈಗಲೇ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿಡಿ. ಅದು 90 ದಿನ ಜೀವಂತವಿರುತ್ತದೆ.

ತೀರ್ಪಿನಲ್ಲಿ ಖರ್ಚು ಕೊಟ್ಟಿದ್ದು ಡಿಕ್ರಿಯ ಪಟ್ಟಿಯಲ್ಲಿ ಮಾತ್ರ ಕಮಿಷನರ್ ಫೀ ಬಿಟ್ಟುಹೋಗಿದೆ, ಕೂಡಿದ ಲೆಕ್ಕ ತಪ್ಪಾಗಿದೆ ಎಂದು ಬರೆದಿರುವ ಇನ್ನಿಬ್ಬರು ಓದುಗರಿಗೂ ಇಲ್ಲೇ ಹೇಳುತ್ತೇನೆ. ನಿಮಗೆ ಅಪೀಲು ಬೇಕಿಲ್ಲ. 152ನೇ ಕಲಮಿನಂತೆ ಅದೇ ಕೋರ್ಟಿಗೆ ತಿದ್ದುಪಡಿ ಅರ್ಜಿ ಹಾಕಿ.

ಪ್ರಶ್ನೆ: ನನಗೆ 71 ವರ್ಷ. ನಾನು ಸೈಟು ಮಾರುವುದಾಗಿ ಕರಾರು ಬರೆದುಕೊಟ್ಟಿದ್ದೇನೆ ಎಂದು ಸುಳ್ಳು ಕಾಗದ ಹುಟ್ಟಿಸಿ ಒಬ್ಬರು ದಾವೆ ಹಾಕಿದರು. ಮೊದಲ ದಿನವೇ ಸೈಟು ಮಾರದಂತೆ ತಡೆಯಾಜ್ಞೆ ತಂದರು. ಆರು ವರ್ಷ ಸೈಟು ಮಾರಲಾಗದೆ ಮಗಳ ಮದುವೆಗೆ ಬಡ್ಡಿಗೆ ಸಾಲ ತೆಗೆದೆ. ಈಗ ಕರಾರು ಸೃಷ್ಟಿಸಿದ್ದು ಎಂದು ದಾವೆ ವಜಾ ಆಗಿದೆ. ಸುಳ್ಳು ದಾವೆಗೆ ಪರಿಹಾರ ಎಂದು ನನಗೆ ಕೊಡಿಸಿದ್ದು ₹3,000. ಹೆಚ್ಚಿಗೆ ಕೇಳಿ ಅಪೀಲು ಹಾಕಬೇಕೆಂದಿದ್ದೇನೆ.
(ಚಿಂತಾಮಣಿಯ ಓದುಗರು)

ಉತ್ತರ: ಯಜಮಾನರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆರು ವರ್ಷಕ್ಕೆ ಮೂರು ಸಾವಿರ. ಆ ನ್ಯಾಯಾಧೀಶರನ್ನು ದೂರಬೇಡಿ, ಅವರು ಕಾನೂನು ಬಿಟ್ಟುಕೊಟ್ಟ ಕೊನೆಯ ರೂಪಾಯಿಯವರೆಗೂ ಕೊಟ್ಟಿದ್ದಾರೆ. ಗೊತ್ತಿದ್ದೂ ಸುಳ್ಳು ದಾವೆ ಹಾಕಿದವರಿಂದ ಪರಿಹಾರದ ಖರ್ಚು ಕೊಡಿಸುವ 35ಎ ಕಲಮಿನ ಮಿತಿಯೇ ₹3,000. 1976ರ ತಿದ್ದುಪಡಿಯಲ್ಲಿ ಇಟ್ಟ ಮಿತಿ ಅದು. ಇದನ್ನು ಒಂದು ಲಕ್ಷಕ್ಕಾದರೂ ಏರಿಸಬೇಕು ಎಂದು ಮೇಲೆ ಹೇಳಿದ 2011ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟು ಸಲಹೆ ಮಾಡಿತು. 2012ರಲ್ಲಿ ಕಾನೂನು ಆಯೋಗ ಸಿವಿಲ್ ಖರ್ಚಿನ ಬಗ್ಗೆಯೇ 240ನೇ ವರದಿ ಕೊಟ್ಟಿತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಾಗ ವಾಣಿಜ್ಯ ದಾವೆಗಳ ಮಟ್ಟಿಗೆ ಈ ಮಿತಿಯನ್ನು ಕಿತ್ತುಹಾಕಿದರು. ಕಂಪನಿಯ ಮೇಲೆ ಕಂಪನಿ ಸುಳ್ಳು ದಾವೆ ಹಾಕಿದರೆ ಮಿತಿಯಿಲ್ಲ, ಸೈಟು ಉಳಿಸಿಕೊಳ್ಳಲು ಹೆಣಗುವ 71 ವರ್ಷದವರಿಗೆ ಮಾತ್ರ ಮೂರು ಸಾವಿರ. ಇದು ಅನ್ಯಾಯ. ನಾನು ಇದನ್ನು ವಕೀಲರ ಸಭೆಗಳಲ್ಲಿ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಇನ್ನು ಅಪೀಲು. ಖರ್ಚಿನ ಆದೇಶಗಳ ಪೈಕಿ ಹೆಸರು ಹಿಡಿದು ಅಪೀಲು ಕೊಟ್ಟಿರುವುದು 35ಎ ಆದೇಶಕ್ಕೇ, 104ನೇ ಕಲಮಿನಲ್ಲಿ. ಆದರೆ ಅದೇ ಕಲಮಿನ ಷರತ್ತು ನಿಮ್ಮ ದಾರಿಗೆ ಅಡ್ಡ ನಿಂತಿದೆ. ಇಂಥ ಆದೇಶ ಆಗಲೇಬಾರದಿತ್ತು ಅಥವಾ ಇದಕ್ಕಿಂತ ಕಡಿಮೆ ಹಾಕಬೇಕಿತ್ತು ಎಂಬ ಆಧಾರದ ಮೇಲೆ ಮಾತ್ರ ಅಪೀಲು. ಅಂದರೆ ಕೊಡಬೇಕಾದವರು ಹೋಗಬಹುದು, ಇನ್ನಷ್ಟು ಬೇಕು ಎನ್ನುವವರು ಹೋಗುವಂತಿಲ್ಲ. ಆ ಅಪೀಲಿನಲ್ಲಿ ಆಗುವ ತೀರ್ಮಾನದ ಮೇಲೆ ಎರಡನೇ ಅಪೀಲೂ ಇಲ್ಲ. ಆದ್ದರಿಂದ ಹೆಚ್ಚಿಗೆ ಕೇಳುವ ಅಪೀಲಿಗೆ ದುಡ್ಡು ಸುರಿಯಬೇಡಿ.

ಬದಲಿಗೆ ಎರಡು ಕೆಲಸ ಮಾಡಿ. 35ಎ ಪರಿಹಾರ ಮಾಮೂಲು ದಾವಾ ಖರ್ಚಿನ ಬದಲಿಗೆ ಕೊಡುವುದಲ್ಲ, ಅದರ ಮೇಲೆ ಕೊಡುವುದು. ನಿಮ್ಮ ಡಿಕ್ರಿಯಲ್ಲಿ ಮಾಮೂಲು ಖರ್ಚೂ ಬಂದಿದೆಯೇ ನೋಡಿ. ಬಂದಿರದಿದ್ದರೆ, ಕಾರಣವನ್ನೂ ಕೊಟ್ಟಿರದಿದ್ದರೆ, ಸಾಗರದ ಮೇಷ್ಟ್ರಿಗೆ ಹೇಳಿದ 96ನೇ ಕಲಮಿನ ದಾರಿ ನಿಮಗೂ ಇದೆ.

ಎರಡನೆಯದು ನಿಮ್ಮ ಮಟ್ಟಿಗೆ ಹೆಚ್ಚು ಮುಖ್ಯ. ನಿಮಗೆ ನಿಜವಾಗಿ ನಷ್ಟ ತಂದದ್ದು ತಡೆಯಾಜ್ಞೆ. 95ನೇ ಕಲಮು ಓದಿಸಿ. ಸಾಕಷ್ಟು ಆಧಾರವಿಲ್ಲದೆ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರೆ, ಅಥವಾ ದಾವೆ ಬಿದ್ದುಹೋಗಿ ಅದನ್ನು ಹೂಡಲು ನ್ಯಾಯವಾದ ಕಾರಣವೇ ಇರಲಿಲ್ಲ ಎಂದು ಕಂಡುಬಂದರೆ, ಪ್ರತಿವಾದಿ ಅದೇ ಕೋರ್ಟಿಗೆ ಅರ್ಜಿ ಹಾಕಿ ₹50,000ದವರೆಗೆ ಪರಿಹಾರ ಕೇಳಬಹುದು. ಕರಾರು ಸೃಷ್ಟಿಸಿದ್ದು ಎಂದು ತೀರ್ಪೇ ಹೇಳಿರುವಾಗ ಇದಕ್ಕಿಂತ ಆಧಾರ ಬೇಕೇ? ಮದುವೆ ಸಾಲದ ಪತ್ರ, ಬಡ್ಡಿ ಕಟ್ಟಿದ ಲೆಕ್ಕ, ಆ ಹೊತ್ತಿನಲ್ಲಿ ಸೈಟು ಕೊಳ್ಳಲು ಮುಂದೆ ಬಂದಿದ್ದವರ ಪ್ರಮಾಣಪತ್ರ ಜೊತೆಗಿಡಿ. ಈ ಅರ್ಜಿಯ ಮೇಲಿನ ಆದೇಶಕ್ಕೆ 104ನೇ ಕಲಮಿನಲ್ಲೇ ಅಪೀಲೂ ಇದೆ. ಆದರೆ ಒಂದನ್ನು ತಿಳಿದುಕೊಂಡು ಹೆಜ್ಜೆ ಇಡಿ: 95ರ ಅರ್ಜಿ ತೀರ್ಮಾನವಾದರೆ ಅದೇ ತಡೆಯಾಜ್ಞೆಯ ನಷ್ಟಕ್ಕೆ ಮತ್ತೆ ಬೇರೆ ದಾವೆ ಹಾಕಲು ಬರುವುದಿಲ್ಲ. ನಿಮ್ಮ ನಷ್ಟ ₹50,000ಕ್ಕಿಂತ ಬಹಳ ದೊಡ್ಡದಾಗಿದ್ದು ದಾಖಲೆಯೂ ಗಟ್ಟಿಯಾಗಿದ್ದರೆ ಅರ್ಜಿಗಿಂತ ಮುಂಚೆ ನಿಮ್ಮ ವಕೀಲರ ಜೊತೆ ಕೂತು ಎರಡನ್ನೂ ತೂಗಿ ನೋಡಿ.

ಪ್ರಶ್ನೆ: ಸ್ನೇಹಿತನಿಗೆ ಕೊಟ್ಟ ಸಾಲ ವಾಪಸು ಬರಲೆಂದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ್ದೇನೆ. ನನ್ನ ಪಾಟೀ ಸವಾಲಿನ ದಿನ ಆಫೀಸಿನ ಕೆಲಸದ ಮೇಲೆ ಪುಣೆಯಲ್ಲಿದ್ದೆ. ವಕೀಲರು ಮುಂದಿನ ತಾರೀಖು ಕೇಳಿದ್ದಕ್ಕೆ ₹3,000 ಕಾಸ್ಟ್ ಹಾಕಿದರು. ನನಗೆ ಅದು ಗೊತ್ತಾಗಲಿಲ್ಲ, ಕಟ್ಟಲಿಲ್ಲ. ಮುಂದಿನ ತಾರೀಖಿಗೆ ಹೋದರೆ ಕಾಸ್ಟ್ ಕಟ್ಟಿಲ್ಲವೆಂದು ನನ್ನ ಸಾಕ್ಷ್ಯ ಮುಗಿಸಿಬಿಟ್ಟಿದ್ದಾರೆ. ಹೈಕೋರ್ಟಿಗೆ ಹೋಗಲೇ ಮೇಡಂ?
(ಬೆಂಗಳೂರಿನ ಓದುಗರು)

ಉತ್ತರ: ಮೊದಲು ನಿಮ್ಮ ಕೋರ್ಟಿಗೇ ಹೋಗಿ. ಇದು 35ಬಿ ಕಲಮಿನ ಖರ್ಚು, ವಿಚಾರಣೆ ತಡಮಾಡಿದ್ದಕ್ಕೆ ಆ ದಿನದ ಮಟ್ಟಿಗೆ ಹಾಕುವುದು. ಇದರ ಮೇಲೆ ನೇರ ಅಪೀಲು ಇಲ್ಲ. 104ನೇ ಕಲಮಿನಲ್ಲೂ 43ನೇ ಆದೇಶದಲ್ಲೂ ಇದರ ಹೆಸರು ಸಿಗುವುದಿಲ್ಲ. 115ನೇ ಕಲಮಿನ ರಿವಿಜನ್ (ಹೈಕೋರ್ಟಿನಿಂದ ಆದೇಶದ ಮರುಪರಿಶೀಲನೆ) ಇಂಥ ಮಧ್ಯದ ಆದೇಶಗಳಿಗೆ 2002ರಿಂದ ಈಚೆಗೆ ಹೆಚ್ಚುಕಡಿಮೆ ಮುಚ್ಚಿಹೋಗಿದೆ.

ಇದನ್ನು ಹಗುರವಾಗಿ ನೋಡಬೇಡಿ. ಮುಂದಿನ ತಾರೀಖಿಗೆ ಕಟ್ಟದಿದ್ದರೆ ದಾವೆಯನ್ನು ಮುಂದೆ ನಡೆಸುವ ಹಕ್ಕೇ ಅಲ್ಲಿಗೆ ನಿಲ್ಲುತ್ತದೆ. ಆದರೆ ಕಟ್ಟಲಿಲ್ಲ ಎಂದ ಮಾತ್ರಕ್ಕೆ ದಾವೆಯನ್ನೇ ವಜಾ ಮಾಡಲು ಈ ಕಲಮು ಹೇಳುವುದಿಲ್ಲ, ಕಟ್ಟಲು ಕೋರ್ಟು ಕಾಲ ವಿಸ್ತರಿಸಬಹುದು ಎಂದು ಮನೋಹರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ. ನಾಳೆಯೇ 148ನೇ ಕಲಮಿನಂತೆ ಕಾಲ ವಿಸ್ತರಣೆ ಕೋರಿ ಒಂದು ಅರ್ಜಿ, ಸಾಕ್ಷ್ಯ ಮತ್ತೆ ತೆರೆಯಲು ಇನ್ನೊಂದು ಅರ್ಜಿ, ಪುಣೆಯ ಪ್ರಯಾಣದ ಟಿಕೆಟು, ಕೈಯಲ್ಲಿ ₹3,000. ಎದುರು ವಕೀಲರು ದುಡ್ಡು ತೆಗೆದುಕೊಳ್ಳಲು ಒಪ್ಪದಿದ್ದರೆ ಕೋರ್ಟಿನಲ್ಲಿ ಠೇವಣಿ ಇಡಲು ಮೆಮೋ ಹಾಕಿಸಿ. ಇದೂ ತಿರಸ್ಕಾರವಾದರೆ, ಕೆಳಗಿನ ಕೋರ್ಟುಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆಯ ಅಧಿಕಾರ ಕೊಡುವ ಸಂವಿಧಾನದ 227ನೇ ವಿಧಿಯಂತೆ ಹೈಕೋರ್ಟು. ಆಗ ನೀವು ಪ್ರಶ್ನಿಸುವುದು ಮೂರು ಸಾವಿರವನ್ನಲ್ಲ, ಸಾಕ್ಷ್ಯ ಮುಚ್ಚಿದ್ದನ್ನು.

ಒಂದು ತಾರೀಖಿಗೆ ₹25,000 ಹಾಕಿದ್ದಾರೆ ಎಂದು ಬರೆದಿರುವ ತುಮಕೂರಿನ ಓದುಗರೇ, ನಿಮ್ಮ ಸಂಗತಿ ಬೇರೆ. ಆ ದಿನ ಕೋರ್ಟಿಗೆ ಬಂದುಹೋಗಲು ಎದುರುಗಾರರಿಗೆ ಆದ ಖರ್ಚನ್ನು ತುಂಬಿಕೊಡುವಷ್ಟು ಎಂಬುದೇ 35ಬಿಯ ಅಳತೆ. ಅದೇ ಊರಿನವರು ಸ್ಕೂಟರಿನಲ್ಲಿ ಬಂದು ಹೋಗಿದ್ದಕ್ಕೆ ಇಷ್ಟು ಹೇಗಾಯಿತು ಎಂದು 227ರಲ್ಲಿ ಧಾರಾಳವಾಗಿ ಕೇಳಬಹುದು. ಹೈಕೋರ್ಟಿನ ಖರ್ಚು ಬೇಡವೆನಿಸಿದರೆ ಆಕ್ಷೇಪಕ್ಕೆ ಒಳಪಟ್ಟು ಕಟ್ಟಿದ್ದೇನೆ ಎಂದು ಮೆಮೋ ಕೊಟ್ಟು ಕಟ್ಟಿ. ಆ ಆದೇಶದಿಂದ ತೀರ್ಪಿಗೇ ಪೆಟ್ಟು ಬಿದ್ದಿದ್ದರೆ ಮುಂದೆ ಡಿಕ್ರಿಯ ಮೇಲಿನ ಅಪೀಲಿನಲ್ಲಿ 105ನೇ ಕಲಮಿನಂತೆ ಅದನ್ನೂ ಎತ್ತಬಹುದು.

ಪ್ರಶ್ನೆ: ಅಕ್ಕಾರ, ನನ್ನ ಗಂಡ ಡೈವೋರ್ಸಿಗೆ ಹಾಕ್ಯಾರ. ಕೇಸಿನ ಖರ್ಚಿಗಂತ ನಾನು ₹40,000 ಕೇಳಿದ್ದೆ, ಫ್ಯಾಮಿಲಿ ಕೋರ್ಟ್ನ್ಯಾಗ ₹5,000 ಕೊಡ್ಸ್ಯಾರ. ಬೈಲಹೊಂಗಲದಿಂದ ಪ್ರತಿ ತಾರೀಖಿಗೆ ಮಗೂನ್ನ ಕರ್ಕೊಂಡು ಬರಬೇಕು. ಇದಕ್ಕ ಅಪೀಲ್ ಮಾಡಾಕ ಬರ್ತದೇನ್ರಿ?
(ಬೆಳಗಾವಿ ಜಿಲ್ಲೆಯ ಓದುಗರು)

ಉತ್ತರ: ಅಪೀಲು ಬರುವುದಿಲ್ಲ ತಂಗಿ, ಆದರೆ ದಾರಿ ಮುಚ್ಚಿಲ್ಲ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಂತೆ ಕೊಡಿಸುವ ಕೇಸಿನ ಖರ್ಚು ಮಧ್ಯಂತರ ಆದೇಶ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮು ಮಧ್ಯಂತರ ಆದೇಶದ ಮೇಲೆ ಅಪೀಲು ಕೊಡುವುದಿಲ್ಲ. ಮುಂದೆ ಕೇಸು ಮುಗಿದ ಮೇಲೆ ಬರೀ ಖರ್ಚಿನ ಸಲುವಾಗಿ ಅಪೀಲು ಹೋಗುತ್ತೇನೆ ಎಂದರೆ, ಖರ್ಚಿನ ವಿಷಯವೊಂದಕ್ಕೇ ಅಪೀಲು ಇಲ್ಲ ಎಂದು ವಿವಾಹ ಕಾಯ್ದೆಯ 28ನೇ ಕಲಮಿನ ಮೂರನೇ ಉಪಕಲಮು ನೇರವಾಗಿ ಹೇಳಿದೆ.

ಉಳಿದದ್ದು 227ನೇ ವಿಧಿಯ ರಿಟ್, ನಿಮಗೆ ಅದು ಹೈಕೋರ್ಟಿನ ಧಾರವಾಡ ಪೀಠದಲ್ಲಿ. ಅಲ್ಲಿಗೆ ಹೋಗುವಾಗ ಕಣ್ಣೀರಿನ ಕಥೆ ಒಂದೇ ಸಾಲದು, ಲೆಕ್ಕ ಬೇಕು. ಯಾವ ಯಾವ ತಾರೀಖಿಗೆ ಬಂದಿರಿ, ಬಸ್ಸಿಗೆ ಎಷ್ಟು, ವಕೀಲರಿಗೆ ಎಷ್ಟು, ಗಂಡನ ಸಂಬಳ ಎಷ್ಟು, ನಿಮ್ಮ ಆದಾಯ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ. ಮೊದಲ ಅರ್ಜಿಯಲ್ಲಿ ಈ ಲೆಕ್ಕ ಇರಲಿಲ್ಲವಾದರೆ, ಅಥವಾ ಆದೇಶದ ನಂತರ ಖರ್ಚು ಏರಿದ್ದರೆ, ರಿಟ್ಟಿಗಿಂತ ಮೊದಲು ಅದೇ ಫ್ಯಾಮಿಲಿ ಕೋರ್ಟಿನಲ್ಲಿ ಹೊಸ ಸಂಗತಿ ತೋರಿಸಿ ಇನ್ನೊಂದು ಅರ್ಜಿ ಹಾಕಿ.

ಇನ್ನೊಂದು ಮಾತನ್ನು ನಿಮಗೆ ಯಾರೂ ಹೇಳಿದಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿ ಇಲ್ಲ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕೊಠಡಿ ಇರುತ್ತದೆ, ಇಲ್ಲವಾದರೆ 15100ಕ್ಕೆ ಫೋನು ಮಾಡಿ. ಧಾರವಾಡದ ರಿಟ್ಟಿಗೂ ಈ ನೆರವು ಕೇಳಬಹುದು.

ಪ್ರಶ್ನೆ: ಎದುರು ಪಾರ್ಟಿಯ ತಿದ್ದುಪಡಿ ಅರ್ಜಿಯನ್ನು ₹1,000 ಕಾಸ್ಟ್ ಮೇಲೆ ಮಂಜೂರು ಮಾಡಿದರು. ಆ ಸಾವಿರವನ್ನು ನಮ್ಮ ಜೂನಿಯರ್ ವಕೀಲರು ಇಸಿದುಕೊಂಡು ಸಹಿ ಹಾಕಿದ್ದಾರೆ. ಆದೇಶವನ್ನು ಈಗ ಪ್ರಶ್ನಿಸಬಹುದೇ?
(ಚಿತ್ರದುರ್ಗದ ಓದುಗರು)

ಉತ್ತರ: ಆದೇಶದ ಪದಗಳನ್ನು ನೋಡಬೇಕು. ₹1,000 ಕೊಟ್ಟರೆ ಮಾತ್ರ ತಿದ್ದುಪಡಿ ಎಂದು ಒಂದಕ್ಕೊಂದು ಗಂಟು ಹಾಕಿದ್ದರೆ, ದುಡ್ಡು ತೆಗೆದುಕೊಂಡದ್ದು ಆದೇಶವನ್ನು ಒಪ್ಪಿಕೊಂಡಂತೆ. ಒಂದು ತುದಿಯನ್ನು ಇಟ್ಟುಕೊಂಡು ಇನ್ನೊಂದನ್ನು ಪ್ರಶ್ನಿಸಲು ಬಿಡುವುದಿಲ್ಲ. ತಿದ್ದುಪಡಿಯನ್ನು ಮಂಜೂರು ಮಾಡಿ, ಖರ್ಚನ್ನು ಷರತ್ತಿಲ್ಲದೆ ಪ್ರತ್ಯೇಕವಾಗಿ ಹೇಳಿದ್ದರೆ ಸಹಿ ಅಡ್ಡ ಬರುವುದಿಲ್ಲ. ಜೂನಿಯರ್ ಹುಡುಗರನ್ನು ಬೈಯಬೇಡಿ, ಕೋರ್ಟಿನ ಗದ್ದಲದಲ್ಲಿ ಎ-ಡೈರಿಯ (ಕೋರ್ಟಿನ ದಿನವಹಿಯ) ಮೇಲೆ ಸಹಿ ಹಾಕಿ ನೋಟು ಇಸಿದುಕೊಳ್ಳುವುದು ಅರ್ಧ ನಿಮಿಷದ ಕೆಲಸ. ಆ ಆದೇಶವನ್ನು ಪ್ರಶ್ನಿಸುವ ಮನಸ್ಸಿದೆ, ದುಡ್ಡು ಮುಟ್ಟಬೇಡಿ ಎಂದು ಮುಂಚೆಯೇ ಅವರಿಗೆ ಹೇಳಿಡಿ.

ಪ್ರಶ್ನೆ: ಖರ್ಚಿನ ಸಮೇತ ಸೋತಿದ್ದೇನೆ, ಅಪೀಲು ಹಾಕಿದ್ದೇನೆ. ಅಷ್ಟರಲ್ಲೇ ಖರ್ಚಿನ ದುಡ್ಡಿಗೆ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ನೋಟೀಸು ಬಂದಿದೆ. ಅಪೀಲು ಇರುವಾಗ ಹೀಗೆ ಮಾಡಬಹುದೇ?
(ಹಾಸನದ ಓದುಗರು)

ಉತ್ತರ: ಮಾಡಬಹುದು. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, 41ನೇ ಆದೇಶದ 5ನೇ ನಿಯಮದಂತೆ ತಡೆ ಕೇಳಿ ಅರ್ಜಿ ಹಾಕಬೇಕು. ಸಣ್ಣ ಮೊತ್ತಕ್ಕೆ ಕೋರ್ಟು ಠೇವಣಿ ಇಡಿ ಎನ್ನುವುದೇ ಹೆಚ್ಚು, ಇಟ್ಟುಬಿಡಿ. ಅಪೀಲು ಗೆದ್ದರೆ 144ನೇ ಕಲಮಿನಂತೆ ಅದು ನಿಮಗೆ ವಾಪಸು ಬರುತ್ತದೆ.

ಪ್ರಶ್ನೆ: ಅಪೀಲಿನ 30 ದಿನವನ್ನು ಎಂದಿನಿಂದ ಎಣಿಸಬೇಕು? ನಕಲು ಸಿಕ್ಕ ದಿನದಿಂದ ಎಂದು ಕೆಲವರು, ತೀರ್ಪಿನ ದಿನದಿಂದ ಎಂದು ಕೆಲವರು.
(ಹಲವು ಓದುಗರು)

ಉತ್ತರ: ತೀರ್ಪಿನ ದಿನ ಬಿಟ್ಟು ಮಾರನೇ ದಿನದಿಂದ. ನಕಲಿಗೆ ತಗುಲಿದ ಕಾಲವನ್ನು ಅದರ ಮೇಲೆ ಕೂಡಿಸಿಕೊಳ್ಳಬೇಕು. ನಿಮ್ಮ ದೃಢೀಕೃತ ನಕಲಿನ ಕೊನೆಯ ಹಾಳೆಯ ಹಿಂಬದಿ ತಿರುಗಿಸಿ. ನೀಲಿ ಶಾಯಿಯ ಮೊಹರೊಂದು ಇರುತ್ತದೆ. ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಲು ಹೇಳಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಸಾಲಾಗಿ ತಾರೀಖು ತುಂಬಿರುತ್ತಾರೆ. ಲೆಕ್ಕಕ್ಕೆ ಬರುವುದು ಅರ್ಜಿ ಕೊಟ್ಟ ದಿನದಿಂದ ಸಿದ್ಧವಾದ ದಿನದ ತನಕ. ಸಿದ್ಧವಾದ ಮೇಲೆ ನೀವು ಹೋಗಿ ತರದೆ ಬಿಟ್ಟ ದಿನಗಳು ನಿಮ್ಮ ಲೆಕ್ಕದಿಂದಲೇ ಹೋಗುತ್ತವೆ. ಅರ್ಜಿ ಕೊಡುವ ಮುಂಚೆ ಡಿಕ್ರಿ ಬರೆಯಲು ಕಚೇರಿ ತೆಗೆದುಕೊಂಡ ದಿನಗಳೂ ಸಿಗುವುದಿಲ್ಲ, ಅದಕ್ಕೇ ತೀರ್ಪಿನ ಮಾರನೇ ದಿನವೇ ಅರ್ಜಿ ಕೊಡಿ ಎನ್ನುವುದು.

ಉದಾಹರಣೆಗೆ ತೀರ್ಪು ಮಾರ್ಚ್ 3ರಂದು. ಬರೀ 30 ದಿನಕ್ಕೆ ಏಪ್ರಿಲ್ 2 ಕೊನೆಯ ದಿನ. ಮಾರ್ಚ್ 7ಕ್ಕೆ ಅರ್ಜಿ ಕೊಟ್ಟು 20ಕ್ಕೆ ಸಿದ್ಧವಾಗಿದ್ದರೆ ಎರಡೂ ದಿನ ಸೇರಿ 14 ದಿನ ಸಿಕ್ಕಿತು. ಅಪೀಲಿನ ಕೊನೆಯ ದಿನ ಏಪ್ರಿಲ್ 16. ಅಂದು ಕೋರ್ಟಿಗೆ ರಜೆಯಿದ್ದರೆ ತೆರೆದ ದಿನ ಬೆಳಿಗ್ಗೆಯೇ ಹಾಕಿ. ದಾಟಿ ಹೋಗಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನ ಅರ್ಜಿಯನ್ನು ಅಪೀಲಿನ ಜೊತೆಗೇ ಕೊಡಿ, ತಡವಾದ ಒಂದೊಂದು ದಿನಕ್ಕೂ ಕಾರಣ ಬರೆದು.